ಮೂರು ನಾಲ್ಕರ ಏಟು

ಮೊದಲ ಏಟು ಎಡಗಿವಿಯ ಹಿಂದೆ ಬೀಳುತ್ತದೆ. ಎರಡನೆಯದಕ್ಕೆ ಬುರುಡೆ ಬಿರಿಯುತ್ತದೆ. ಮೂರನೆಯದಕ್ಕೆ ಮೊಣಕಾಲು ಸೋತು, ಕ್ಯಾಂಟೀನಿನ ಹಿಂದೆ ನೆಲಕ್ಕೆ ಹಾಸಿದ ಫರಸಿಕಲ್ಲು ಎದ್ದು ಬಂದು ಮುಖಕ್ಕೆ ಬಡಿಯುತ್ತದೆ. ಮುರಿದ ಹಲ್ಲೊಂದು ನಾಲಿಗೆಯ ಮೇಲೆ ಉರುಳುತ್ತದೆ. ಹೊಡೆಯುವವನಿಗೆ ಅವಸರವಿಲ್ಲ. ರಾಡು ಏಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. "ನಿನ್ನ ತಲೀ ಒಡದು ಈ ನೆಲಕ್ಕ ನೆತ್ತರ ಕುಡಸ್ತೀನಿ ನೋಡಲೇ" ಎನ್ನುತ್ತಾನೆ ಅವನು. ಆ ಮುಖ ಫಕೀರೇಶನದು. ಆ ದನಿಯೂ ಫಕೀರೇಶನದೇ.

ರುದ್ರಮುನಿ ಹಿರೇಮಠನಿಗೆ ಈ ನೆನಪು ದಿನಕ್ಕೆ ಐವತ್ತು ಅರವತ್ತು ಸಲ ಬರುತ್ತಿತ್ತು. ಹಲ್ಲುಜ್ಜುವಾಗ, ಇಭೂತಿ ಹಚ್ಚಿಕೊಳ್ಳುವಾಗ, ರೊಟ್ಟಿ ಮುರಿಯುವಾಗ. ಬಂದಾಗಲೆಲ್ಲ ಬಲಗೈ ತಾನೇ ಮುಷ್ಟಿ ಕಟ್ಟುತ್ತಿತ್ತು.

ಎಂಟು ತಿಂಗಳ ಹಿಂದೆ ಗದಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಯ ದಿನ ಎರಡು ಗುಂಪುಗಳಿಗೆ ಮಾರಾಮಾರಿಯಾಗಿತ್ತು. ಯಾರೋ ಹಿಂದಿನಿಂದ ಬಂದು ರುದ್ರಮುನಿಯ ತಲೆ ಒಡೆದಿದ್ದರು. ಯಾರೆಂದು ಪೊಲೀಸರಿಗೆ ಸಿಕ್ಕಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಡೆದ ಮೂಳೆ ತೆಗೆದು, ಸತ್ತ ನರಗಳ ಮೇಲೆ ಕೂದಲಿಗಿಂತ ತೆಳುವಾದ ತಂತಿಗಳ ಬಲೆಯೊಂದನ್ನು ಹಾಸಿ, ಮೇಲೆ ಲೋಹದ ತಟ್ಟೆ ಮುಚ್ಚಿದರು. ಬಲೆಗೆ ದೊಡ್ಡದೊಂದು ಹೆಸರಿತ್ತು. ಎಲ್ಲರೂ ಅದನ್ನು ತೇಪೆ ಎನ್ನುತ್ತಿದ್ದರು. ಬದುಕಿರುವ ನರದಿಂದ ಹೊರಟ ಮಾತು ಸತ್ತ ಜಾಗದ ದಡಕ್ಕೆ ಬಂದು ನಿಂತಾಗ, ಮುಂದೆ ಏನಿರಬೇಕಿತ್ತು ಎಂದು ಊಹಿಸಿ ಆಚೆಯ ದಡಕ್ಕೆ ದಾಟಿಸುವುದು ಅದರ ಕೆಲಸ. ಊಹಿಸುವ ಮೊದಲು ಅದು ಕಲಿಯಬೇಕು; ಕಲಿಯುವುದು ಕಿವಿಯಿಂದ. ಆದ್ದರಿಂದ ಎಚ್ಚರವಿಲ್ಲದೆ ಮಲಗಿದ ಮಗನ ಬಳಿ ದಿನಕ್ಕೆ ಆರು ತಾಸು ಮಾತನಾಡಿರಿ ಎಂದು ವೈದ್ಯರು ಮನೆಯವರಿಗೆ ಹೇಳಿದ್ದರು. ತೇಪೆ ಕಲಿತಿತು. ರುದ್ರಮುನಿ ಎಚ್ಚೆತ್ತ, ಮಾತನಾಡಿದ, ನಡೆದ. ಇಂದು ಮತ್ತೆ ಕಾಲೇಜಿಗೆ ಹೊರಟಿದ್ದ.

ಬೆಟಗೇರಿಯ ಮನೆಯ ಮುಂದೆ ಸ್ಕೂಟರಿನ ಹಾರನ್ ಕೇಳಿಸಿತು.

"ಅವ್ವಾರ, ನಿಮ್ಮ ಮಗಾ ತಯಾರಾಗ್ಯಾನೇನ್ರೀ? ತಲ್ಯಾಗ ಸಿಮ್ ಹಾಕ್ಯಾರ, ಚಾರ್ಜ್ ಆಗೇತಿಲ್ಲೋ ನೋಡ್ರಿ ಮೊದಲ" ಎಂದು ಫಕೀರೇಶ ಕೂಗಿದ.

ತಾಯಿ ನೀಲವ್ವ ನಕ್ಕಳು. ಆ ಮನೆಯಲ್ಲಿ ಎಂಟು ತಿಂಗಳಿಂದ ನಗು ತರುತ್ತಿದ್ದವನು ಅವನೊಬ್ಬನೇ. ಆ ದಿನ ರಕ್ತದ ಮಡುವಿನಲ್ಲಿ ಬಿದ್ದಿದ್ದ ಗೆಳೆಯನನ್ನು ಹೆಗಲ ಮೇಲೆ ಹೊತ್ತು ರಸ್ತೆಯವರೆಗೆ ಓಡಿದವನೂ ಅವನೇ.

"ತಮ್ಮಾ, ಸಾವಕಾಶ ಹೊಡಿಯಪಾ ಗಾಡಿ" ಎಂದಳು ನೀಲವ್ವ.

"ನನ್ನ ಗಾಡಿ ಓಡೂದ ಸಾವಕಾಶ ಬಿಡ್ರಿ. ಎಮ್ಮಿ ಹಿಂದ ಹಾಕಿ ಹೋಗ್ತಾವು. ಹತ್ತಲೇ ರುದ್ರ್ಯಾ."

ರುದ್ರಮುನಿ ಹತ್ತಿದ. ಮುಂದೆ ಕುಳಿತವನ ಕತ್ತು ಒಂದು ಗೇಣು ದೂರದಲ್ಲಿತ್ತು. ಕತ್ತಿನ ನಡುವೆ ಎಲುಬಿನ ಗಂಟೊಂದು ಎದ್ದು ಕಾಣುತ್ತಿತ್ತು. ಅಲ್ಲಿ ಒಂದೇ ಏಟು ಸಾಕು ಎಂದು ಅವನು ಶಾಂತವಾಗಿ ಲೆಕ್ಕ ಹಾಕಿದ. ಇವನು ತನ್ನನ್ನು ಹೊತ್ತು ಓಡಿದ್ದು ಗುಮಾನಿ ಬರಬಾರದೆಂದು. ಆಸ್ಪತ್ರೆಯಲ್ಲಿ ದಿನವೂ ಬಂದು ಕೂತದ್ದು ರುದ್ರಮುನಿ ಎಚ್ಚರಗೊಂಡರೆ ಏನು ಹೇಳುತ್ತಾನೋ ನೋಡಲೆಂದು. ಎಲ್ಲ ಸರಿಹೊಂದುತ್ತಿತ್ತು.

ಹೋದ ವಾರ ಅವನು ಒಬ್ಬನೇ ಠಾಣೆಗೆ ಹೋಗಿ ಹೆಸರು ಹೇಳಿದ್ದ. ಇನ್ಸ್‌ಪೆಕ್ಟರ್ ಅವನ ತಲೆಯ ತಟ್ಟೆಯನ್ನೇ ನೋಡುತ್ತ, "ತಮ್ಮಾ, ತೇಪಿ ಒಳಗಿನ ನೆನಪು ಕೋರ್ಟಿನ್ಯಾಗ ನಡಿಯಂಗಿಲ್ಲ. ಮ್ಯಾಲ ಆ ಹುಡುಗ ತಾನ ನಿನ್ನ ಹೊತಗೊಂಡ ಬಂದಾನ. ಮನಿಗೆ ಹೋಗಿ ಆರಾಮ ಮಾಡು" ಎಂದಿದ್ದರು. ಬಳಿಕ ಅವನು ಆ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ.

ಕಾಲೇಜು ಹಾಗೇ ಇತ್ತು. ಬದಲಾದವನು ಅವನು. ಬೋರ್ಡಿನ ಮೇಲಿನ ಅಕ್ಷರಗಳು ಬಲಗಡೆಗೆ ಹೋದಂತೆ ಕರಗುತ್ತಿದ್ದವು. ಪೆನ್ನು ಕೇಳಬೇಕಾದಾಗ 'ಬರಿಯೂದು' ಎಂದ. ಬಾಗಿಲು ಎನ್ನಲು ಹೋಗಿ ಕೈಯಿಂದ ತಳ್ಳಿ ತೋರಿಸಿದ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿತ್ತು, ಉತ್ತರದ ಹೆಸರು ಬರಲಿಲ್ಲ. ಫಕೀರೇಶ ಪಿಸುಗುಟ್ಟಿ ಹೇಳಿಕೊಟ್ಟ. ಆ ಪಿಸುಮಾತು ಕಿವಿಗೆ ಬಿದ್ದೊಡನೆ ರಾಡು ಎದ್ದಿತು, ಇಳಿಯಿತು, ಫರಸಿಕಲ್ಲು ಮುಖಕ್ಕೆ ಬಡಿಯಿತು.

ಎರಡನೆಯ ದಿನ ವರಾಂಡದಲ್ಲಿ ಕಿರಿಯ ವಿದ್ಯಾರ್ಥಿಯೊಬ್ಬ ಹಿಂದಿನಿಂದ ಅವನ ಹೆಗಲು ಮುಟ್ಟಿ, "ಅಣ್ಣಾ, ಆರಾಮ ಅದೀರೇನ್ರೀ?" ಎಂದ. ರುದ್ರಮುನಿ ತಿರುಗಿದ್ದು ನೆನಪಿಲ್ಲ. ನೆನಪಾದಾಗ ಅವನ ಮೊಣಕೈಗೆ ರಕ್ತ ಹತ್ತಿತ್ತು, ಹುಡುಗ ಮೂಗು ಹಿಡಿದು ನೆಲದ ಮೇಲೆ ಕೂತಿದ್ದ, ಬೆರಳ ಸಂದಿಯಿಂದ ಕೆಂಪು ಇಳಿದು ಅಂಗಿಯ ತೋಳು ತೊಯ್ಯುತ್ತಿತ್ತು. ನಾಲ್ಕು ಜನ ಹಿಡಿದರೂ ರುದ್ರಮುನಿಯ ಕಾಲು ಒದೆಯುತ್ತಲೇ ಇತ್ತು.

"ಇನ್ನೊಮ್ಮೆ ಹಿಂಗಾದ್ರ ಮನಿಗೆ ಕಳಸ್ತೀನಿ. ನಿಮ್ಮಪ್ಪಾರ ಮುಖಾ ನೋಡಿ ಈ ಸಲ ಬಿಟ್ಟೇನಿ" ಎಂದರು ಪ್ರಿನ್ಸಿಪಾಲರು.

ಹುಬ್ಬಳ್ಳಿಯಲ್ಲಿ, ಆಸ್ಪತ್ರೆಯ ಮೂರನೆಯ ಅಂತಸ್ತಿನ ನಿಗಾ ಕೋಣೆಯ ಗೋಡೆಯ ಮೇಲೆ ನಲವತ್ಮೂರು ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆ ಒಬ್ಬೊಬ್ಬರ ತೇಪೆ. ಗೆರೆ ನೋಡಿ ಒಳಗೇನಿದೆಯೆಂದು ತಿಳಿಯುವುದಿಲ್ಲ. ಮುಖವಾಗಲಿ ಮಾತಾಗಲಿ ಕಾಣುವುದಿಲ್ಲ. ಯಾವ ನೆನಪು ಎಷ್ಟು ಸಲ ಮರುಕಳಿಸಿತು, ಎಷ್ಟು ಬಿಸಿಯಾಯಿತು, ಇಷ್ಟು ಮಾತ್ರ. ಅಲ್ಲಿ ಹಗಲಿನ ಪಾಳಿಯಲ್ಲಿ ಕೂರುವವಳು ಸರೋಜಾ ಕೊಪ್ಪದ. ಮಿತಮಾತಿನ ಹೆಂಗಸು. ಕಂಪ್ಯೂಟರಿಗೂ ಇಭೂತಿಯ ಬೊಟ್ಟಿಟ್ಟು ಕೆಲಸ ಶುರು ಮಾಡುವವಳು.

"ಸರ್, ಹಿರೇಮಠರ ಹುಡುಗನ್ನ ನೋಡ್ರಿ. ನಿನ್ನೆ ಅರವತ್ತೊಂದು ಸಲ. ಅದ ನೆನಪು" ಎಂದಳು ಡಾಕ್ಟರ್ ಇನಾಮದಾರರಿಗೆ.

"ಪೆಟ್ಟಿನ ನೆನಪು, ಸರೋಜಾ. ಸಹಜ ಅದು. ಕಾಲೇಜಿಗೆ ಹೋಗ್ಯಾನ, ಜಾಗ ನೋಡ್ಯಾನ, ಬರತಾವು."

"ಹೊಡದವನ ಮುಖಾ ಕಂಡೇನಿ ಅಂತ ನಿಮಗ ಹೇಳ್ಯಾನಂತ ಬರದೀರಿ. ಪೆಟ್ಟು ಬಿದ್ದದ್ದು ಹಿಂದ, ಅಲ್ರೀ? ಹಿಂದ ನಿಂತವನ ಮುಖಾ ಹೆಂಗ ಕಂಡೀತು?"

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಶಸ್ತ್ರಚಿಕಿತ್ಸೆಗೆ ಹೊತ್ತಾಗಿತ್ತು. "ಬಂದು ನೋಡ್ತೀನಿ" ಎಂದು ಹೋದರು.

ಸರೋಜಾ ಆ ನೆನಪಿನ ಗೆರೆಯನ್ನು ದೊಡ್ಡದು ಮಾಡಿ ನೋಡಿದಳು. ಏಟಿನಂತೆ ಎದ್ದ ಶಿಖರಗಳು. ಕಣ್ಣಿಗೆ ಏನೂ ಹೊಳೆಯಲಿಲ್ಲ. ಅವಳು ಕಣ್ಣಿಗಿಂತ ಕಿವಿಯನ್ನು ನಂಬಿ ಬೆಳೆದವಳು. ಶ್ರಾವಣ ಮಾಸ ಪೂರ್ತಿ ಅಜ್ಜನ ತೊಡೆಯ ಮೇಲೆ ಕೂತು ಮಠದಲ್ಲಿ ಪುರಾಣ ಕೇಳಿದ ಕಿವಿ ಅದು. ಅರ್ಥ ತಿಳಿಯುವ ಮೊದಲೇ ಪದ್ಯದ ನಡಿಗೆ ಅದಕ್ಕೆ ಗೊತ್ತಿತ್ತು. ಗೆರೆಯ ಏರಿಳಿತವನ್ನು ಸದ್ದಾಗಿ ಬದಲಿಸಿ ಹೆಡ್‌ಫೋನ್ ಹಾಕಿಕೊಂಡಳು.

ಟಕ ಟಕ ಟಕ. ಟಕ ಟಕ ಟಕ ಟಕ. ಮೂರು. ನಾಲ್ಕು. ಮೂರು. ನಾಲ್ಕು.

ಅವಳ ಹೆಬ್ಬೆರಳು ತಾನೇ ಬೆರಳಗೆಣ್ಣುಗಳ ಮೇಲೆ ಓಡತೊಡಗಿತು. ಎರಡು ಸಾಲು ಒಂದೇ ಅಳತೆ. ಮೂರನೆಯದು ಅದಕ್ಕಿಂತ ಒಂದೂವರೆ ಪಟ್ಟು ಉದ್ದ, ಕೊನೆಗೊಂದು ನಿಲುಗಡೆ. ಮತ್ತೆ ಎರಡು, ಮತ್ತೆ ಉದ್ದನೆಯದು. ಆರು ಸಾಲು. ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಮಾತ್ರೆ ಕಡಿಮೆಯಿಲ್ಲ.

ಅದು ಷಟ್ಪದಿ. ಕೊಲ್ಲಲು ಬಂದವನು ಸಿಟ್ಟಿನಲ್ಲಿ ಹೊಡೆಯುತ್ತಾನೆ, ಹೆದರಿ ಹೊಡೆಯುತ್ತಾನೆ, ಜಾರುತ್ತಾನೆ. ಛಂದಸ್ಸು ಹಿಡಿದು ಯಾರೂ ಹೊಡೆಯುವುದಿಲ್ಲ.

ಅವಳು ಬೆಟಗೇರಿಗೆ ಫೋನ್ ಮಾಡಿದಳು. ಎತ್ತಿದವರು ರುದ್ರಮುನಿಯ ತಂದೆ ಗುರುಪಾದಯ್ಯನವರು.

"ಅಯ್ಯಾರ, ಶರಣ್ರೀ. ಮಗನ ಮುಂದ ಆಸ್ಪತ್ರ್ಯಾಗ ನೀವು ಏನ್ ಮಾತಾಡ್ತಿದ್ರಿ?"

"ನಾ ಮಾತಾಡಾವ ಅಲ್ರೀ ತಂಗಿ. ಆರು ತಾಸು ಮಾತಾಡ್ರಿ ಅಂದ್ರು. ಎರಡು ದಿನಕ್ಕ ನನ್ನ ಮಾತು ಮುಗದೂವು. ಮಠದಾಗ ಪುರಾಣ ಓದಾವ ನಾನು, ಗೊತ್ತಿದ್ದದ್ದು ಅದ. ಓದಿದೆ."

"ಯಾವ ಭಾಗ?"

"ಕಾಳಗದ ಸಂಧಿ. ನಮ್ಮ ಮಠದ ಹಳೇ ಹಸ್ತಪ್ರತಿಯೊಳಗಿಂದು." ಮುದುಕರು ಸ್ವಲ್ಪ ಸಂಕೋಚಪಟ್ಟರು. "ಎಚ್ಚರಿಲ್ಲದ ಹುಡುಗನ ಮುಂದ ಶಾಂತರಸ ಓದಿದ್ರ ಇನ್ನೂ ನಿದ್ದಿ ಹತ್ತೀತು ಅನಿಸ್ತು ನನಗ. ವೀರರಸ ಕೇಳಿ ಹೌಹಾರಿ ಆದ್ರೂ ಏಳಲಿ ಅಂತ. ಎದ್ದ ನೋಡ್ರಿ."

ಪುರಾಣ ಓದುವುದು ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದು ಸರೋಜಾಳಿಗೆ ಗೊತ್ತಿತ್ತು. ಒಬ್ಬರು ಪದ್ಯ ಹಾಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಆಡುಮಾತಿನಲ್ಲಿ ಬಿಡಿಸಿ ಹೇಳಬೇಕು. ಹಾಗೆ ಹೇಳುವವರು ವೀರನ ಮಾತು ಬಂದಾಗ ತಾವೇ ವೀರರಾಗುತ್ತಾರೆ, ತೊಡೆ ತಟ್ಟುತ್ತಾರೆ, ಎದುರಿಗಿದ್ದವನಿಗೆ ಕೈ ತೋರಿಸಿ ಗರ್ಜಿಸುತ್ತಾರೆ.

"ಅರ್ಥ ಯಾರು ಹೇಳ್ತಿದ್ರು ಅಯ್ಯಾರ?"

"ನಮ್ಮ ಫಕೀರೇಶ. ಮಡಿವಾಳರ ಹುಡುಗ. ದಿನಾ ಬರತಿದ್ದ. ಏನ್ ದನೀ ಅಂತೀರಿ! ವಾರ್ಡಿನ ನರ್ಸು ಅಂಜಿ ಓಡಿ ಬಂದಿದ್ಲು ಒಮ್ಮೆ."

"ಈಗ ಇಬ್ರೂ ಎಲ್ಲಿ ಅದಾರ?"

"ಕಾಲೇಜಿನ್ಯಾಗ. ವರ್ಕ್‌ಶಾಪ್ ಐತಂತ, ಕಬ್ಬಣದ ಕೆಲಸ. ಯಾಕ್ರೀ ತಂಗಿ?"

ಗೋಡೆಯ ಮೇಲೆ ಹದಿನೇಳನೆಯ ಗೆರೆ, ರುದ್ರಮುನಿಯದು, ಕೆಂಪಾಯಿತು. ನೆನಪು ಅಷ್ಟು ಬಿಸಿಯಾದರೆ ಕೈ ಏಳುತ್ತದೆ ಎಂದು ಸರೋಜಾಳಿಗೆ ಗೊತ್ತಿತ್ತು.

ವರ್ಕ್‌ಶಾಪಿನಲ್ಲಿ ಉಳಿದವರು ಚಹಾಕ್ಕೆ ಹೋಗಿದ್ದರು. ರುದ್ರಮುನಿಯ ಬಲಗೈ ನಡುಗುತ್ತಿದ್ದುದರಿಂದ ಅವನ ತಗಡಿನ ಕೆಲಸ ಅರ್ಧಕ್ಕೇ ನಿಂತಿತ್ತು. ಫಕೀರೇಶ ಅದನ್ನು ಮೇಜಿನ ಕಬ್ಬಿಣದ ಇಕ್ಕಳದಂಥ ವೈಸಿಗೆ ಬಿಗಿದು ಅರದಿಂದ ಅಂಚು ತಿಕ್ಕುತ್ತಿದ್ದ.

"ನಿನ್ನ ಕೆಲಸಾ ನಾ ಮಾಡಿ ಮುಗಸ್ತೀನಿ, ಮಾರ್ಕ್ಸ್ ಮಾತ್ರ ನಿನಗ. ಏನ್ ನ್ಯಾಯಲೇ ಇದು? ಸಂಜಿಕ ಮಿರ್ಚಿ ಕೊಡಸು."

"ಆ ದಿನ ನೀ ಎಲ್ಲಿದ್ದಿ?"

"ಯಾವ ದಿನ?"

"ಕ್ಯಾಂಟೀನ ಹಿಂದ."

ಫಕೀರೇಶ ಅರ ನಿಲ್ಲಿಸಲಿಲ್ಲ. "ಮುಂದ ಇದ್ನೆಪಾ. ಗದ್ದಲ ಕೇಳಿ ಹಿಂದ ಬಂದೆ. ಎಷ್ಟು ಸಲ ಹೇಳಲಿ..."

ಸುತ್ತಿಗೆ ಅವನ ಬಲ ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಫಕೀರೇಶ ಕೂಗಲಿಲ್ಲ, ಉಸಿರು ಮಾತ್ರ ಹೊರಬಿತ್ತು. ತಿರುಗಿದವನ ಕಣ್ಣಿನಲ್ಲಿ ನೋವಿಗಿಂತ ಮೊದಲು ಬಂದದ್ದು ಬೆರಗು. ಎರಡನೆಯ ಏಟು ತಲೆಗೆ ಬರುವಷ್ಟರಲ್ಲಿ ಅವನ ಎಡಗೈ ಅಡ್ಡ ಬಂತು. ಮುಂಗೈ ನಡುವೆ ಬಾಗಿ, ಮೂಳೆಯ ಬಿಳಿ ತುದಿ ಚರ್ಮ ಹರಿದು ಹೊರಗೆ ಇಣುಕಿತು. ಅವನು ವೈಸಿನ ಮೇಜಿನ ಅಂಚಿಗೆ ಹಣೆ ತಾಗಿಸಿಕೊಂಡು ಕಬ್ಬಿಣದ ಪುಡಿಯ ಮೇಲೆ ಬಿದ್ದ. ಹಣೆಯ ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು.

"ರುದ್ರ್ಯಾ... ನಾನಲೇ... ನಾನು..."

"ಗೊತ್ತೈತಿ ನೀನಂತ."

ರುದ್ರಮುನಿ ಅವನ ಎದೆಯ ಮೇಲೆ ಮೊಣಕಾಲೂರಿದ. ಕೆಳಗೆ ಪಕ್ಕೆಲುಬೊಂದು ಸಡಿಲಾದದ್ದು ಮೊಣಕಾಲಿಗೆ ತಿಳಿಯಿತು. ಸುತ್ತಿಗೆ ಮೇಲೆದ್ದಿತು.

ಹುಬ್ಬಳ್ಳಿಯಲ್ಲಿ ಸರೋಜಾಳ ಬೆರಳು ಕೆಂಪು ಗುಂಡಿಯ ಮೇಲಿತ್ತು. ಒತ್ತಿದರೆ ತೇಪೆ ಆರುತ್ತದೆ. ಆರಿದರೆ ಹುಡುಗನಿಗೆ ಫಿಟ್ಸ್ ಬರುತ್ತದೆ, ಮತ್ತೆ ಮಾತು ಬರುವುದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡಾಕ್ಟರು ಶಸ್ತ್ರಚಿಕಿತ್ಸೆಯಲ್ಲಿದ್ದರು. ಪ್ರತಿ ತೇಪೆಗೂ ಕಿವಿಯ ಹಿಂದೆ ಒಂದು ಸಣ್ಣ ಸ್ಪೀಕರ್ ಇರುತ್ತದೆ, ಅಪಾಯದಲ್ಲಿ ಮಾತನಾಡಿಸಲೆಂದು. ಏನು ಮಾತನಾಡುವುದು? ನಿನ್ನ ನೆನಪು ಸುಳ್ಳು ಎಂದರೆ ನಂಬುವನೇ? ಅವನು ಕಣ್ಣಾರೆ ಕಂಡಿದ್ದ.

ಫೋನಿನಲ್ಲಿ ಗುರುಪಾದಯ್ಯನವರು ಇನ್ನೂ ಇದ್ದರು. ಅವಳು ಎರಡು ಮಾತಿನಲ್ಲಿ ತಾನು ಊಹಿಸಿದ್ದನ್ನು ಹೇಳಿದಳು.

"ಶಿವಶಿವಾ! ಮುನೀ, ಅಪ್ಪಾ, ಹೊಡಿಬ್ಯಾಡೋ..."

"ಮಾತಾಡಬ್ಯಾಡ್ರಿ ಅಯ್ಯಾರ. ಓದ್ರಿ. ಆ ಸಂಧಿ ಓದ್ರಿ. ನಿಮ್ಮ ದನೀ ಅವನ ಕಿವ್ಯಾಗ ಬಿಡ್ತೀನಿ. ಆಸ್ಪತ್ರ್ಯಾಗ ಹೆಂಗ ಓದಿದ್ರಿ, ಹಂಗ."

ಮುದುಕರ ದನಿ ಮೊದಲ ಸಾಲಿಗೆ ಒಡೆಯಿತು. ಎರಡನೆಯ ಸಲ ಹಿಡಿದರು. ನಲವತ್ತು ವರ್ಷ ಓದಿದ ಗಂಟಲು, ಅಳುತ್ತಿದ್ದರೂ ಅಳತೆ ತಪ್ಪಲಿಲ್ಲ.

ತಿರುಗಿ ನೋಡದ ಮುನ್ನ ಬೆನ್ನೊಳ
ಗೆರಗಿ ಸಿಡಿಲಿನ ತೆರದಿ ತಾಗಲು
ಬಿರಿದ ಬುರುಡೆಯ ನಡುವೆ ನೆತ್ತರು ಹರಿದುದವನಿಯಲಿ

ರುದ್ರಮುನಿಯ ಬುರುಡೆಯೊಳಗೆ ನೆನಪು ಎಂದಿನಂತೆ ಶುರುವಾಯಿತು. ಈ ಸಲ ಅದರ ಜೊತೆಗೆ ಅಪ್ಪನ ದನಿಯಿತ್ತು. ರಾಡು 'ತಿರುಗಿ'ಯಲ್ಲಿ ಎದ್ದಿತು, 'ನೋಡದ'ದಲ್ಲಿ ಇಳಿಯಿತು. ಬುರುಡೆ ಬಿರಿದದ್ದು 'ಬಿರಿದ' ಎಂಬಲ್ಲಿ, ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ಆಮೇಲಲ್ಲ. ಫರಸಿಕಲ್ಲು ಮುಖಕ್ಕೆ ಬಂದದ್ದು 'ಅವನಿಯಲಿ' ಎಂದು ಅಪ್ಪ ಎಳೆದು ನಿಲ್ಲಿಸಿದ ಕಡೆ. ಅವನಿಗೆ ತಿಳಿಯದೆಯೇ ತುಟಿಗಳು ಅಲುಗಿದವು. ಸುತ್ತಿಗೆ ಎತ್ತಿ ಹಿಡಿದೇ ಅವನು ಸಾಲನ್ನು ಬಾಯಿಬಿಟ್ಟು ಹೇಳತೊಡಗಿದ.

ಕೆಳಗಿದ್ದ ಫಕೀರೇಶನಿಗೆ ಗುರುಪಾದಯ್ಯನವರ ದನಿ ಕೇಳುತ್ತಿರಲಿಲ್ಲ. ಗೆಳೆಯ ಪದ್ಯ ಹೇಳುತ್ತಿದ್ದುದು ಮಾತ್ರ ಕೇಳಿತು. ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಕೂತು ಈ ಪದ್ಯ ಮುಗಿದೊಡನೆ ಬಾಯಿ ತೆರೆದು ರೂಢಿಯಾದವನು. ಅಂಜಿಕೆಗೋ ಅಭ್ಯಾಸಕ್ಕೋ, ರಕ್ತ ತುಂಬಿದ ಬಾಯಿ ತಾನೇ ತೆರೆಯಿತು.

"ಹೊಳ್ಳಿ ನೋಡೂದ್ರಾಗ... ಬೆನ್ನ ಹಿಂದಿಂದ ಸಿಡ್ಲ ಬಡದಂಗ ಬಡದ ಕೇಳ್ರೆಪಾ... ತಲಿ ಬಿರದು ನೆತ್ತರ ನೆಲಕ್ಕ ಹರೀತು. ಅವಾಗ ಆ ವೀರ ಏನಂತಾನ? ನಿನ್ನ ತಲೀ ಒಡದು... ಈ ನೆಲಕ್ಕ ನೆತ್ತರ ಕುಡಸ್ತೀನಿ ನೋಡಲೇ..."

ಅದೇ ಮಾತು, ಅದೇ ದನಿ. ಹೇಳುತ್ತಿದ್ದವನು ಮಾತ್ರ ಎರಡೂ ಕೈ ಮುರಿದು, ಕಣ್ಣಿಗೆ ರಕ್ತ ಇಳಿದು, ರುದ್ರಮುನಿಯ ಮೊಣಕಾಲ ಕೆಳಗೆ ಮಲಗಿದ್ದ.

ರುದ್ರಮುನಿ ಸುತ್ತಿಗೆಯನ್ನು ನೋಡಿದ. ಅದರ ಮುಖಕ್ಕೆ ರಕ್ತವೂ ಚರ್ಮವೂ ಅಂಟಿತ್ತು. ನೆನಪಿನಲ್ಲಿದ್ದ ರಾಡಿಗೆ ಯಾವತ್ತೂ ಏನೂ ಅಂಟಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಆ ರಾಡಿಗೆ ಭಾರವೂ ಇರಲಿಲ್ಲ. ಇದಕ್ಕಿತ್ತು. ಹೆಗಲು ನೋಯುತ್ತಿತ್ತು.

ಸುತ್ತಿಗೆ ಪಕ್ಕಕ್ಕೆ ಬಿದ್ದು ಫಕೀರೇಶನ ಕಿವಿಯ ಬಳಿಯ ನೆಲ ಚಕ್ಕೆ ಎದ್ದಿತು. ಚಹಾ ಮುಗಿಸಿ ಬಂದವರು ಬಾಗಿಲಲ್ಲೇ ಕಿರುಚಿದರು. ಅವರು ಬಂದು ರುದ್ರಮುನಿಯನ್ನು ಗೋಡೆಗೆ ಅಪ್ಪಳಿಸಿ, ಮುಖಕ್ಕೆ ಗುದ್ದಿ, ಒದ್ದು ಕೆಡವಿದರು. ಅವನು ಕೈ ಎತ್ತಲಿಲ್ಲ. ಕಿವಿಯ ಹಿಂದೆ ಅಪ್ಪ ಮುಂದಿನ ಪದ್ಯಕ್ಕೆ ಹೋಗಿದ್ದರು. ಯಾರೂ ಅವರಿಗೆ ನಿಲ್ಲಿಸಿರಿ ಎಂದಿರಲಿಲ್ಲ.

ಮೂರು ವಾರದ ಮೇಲೆ ಹುಬ್ಬಳ್ಳಿಯ ಕೋಣೆಯಲ್ಲಿ ಡಾಕ್ಟರ್ ಇನಾಮದಾರ, ಗುರುಪಾದಯ್ಯನವರು, ರುದ್ರಮುನಿ ಕೂತಿದ್ದರು. ಸರೋಜಾ ಗೋಡೆಯ ಮೇಲೆ ಎರಡು ಗೆರೆ ಬಿಡಿಸಿ ತೋರಿಸಿದಳು. ಕಾಲೇಜು ರುದ್ರಮುನಿಯನ್ನು ಒಂದು ವರ್ಷ ಹೊರಗಿಟ್ಟಿತ್ತು. ಪೊಲೀಸರು ಕೇಳಿದಾಗ ಫಕೀರೇಶ, "ಹೌದ್ರೀ, ಅಂವನ ನನಗ ಹೊಡದಾನ, ಬರಕೋರಿ" ಎಂದಿದ್ದ. ಬರೆದುಕೊಂಡು, ಜಾಮೀನಿನ ಮೇಲೆ ರುದ್ರಮುನಿಯನ್ನು ಬಿಟ್ಟಿದ್ದರು. ಚುನಾವಣೆಯ ದಿನ ಕ್ಯಾಂಟೀನಿನ ಹಿಂದೆ ರಾಡು ಹಿಡಿದಿದ್ದವನು ಯಾರೋ, ಅವನು ಇನ್ನೂ ಯಾವುದೋ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಿರಬಹುದು.

"ಇದು ಹಳೇದು" ಎಂದರು ಡಾಕ್ಟರು ಮೊದಲ ಗೆರೆ ತೋರಿಸಿ. "ಪುರಾಣಾ ಕೇಳಿ, ಆ ದನಿಗೆ ಗೆಳ್ಯಾನ ಮುಖಾ ಹಚ್ಚಿ ತೇಪಿ ತಾನ ಕಟ್ಟಿಕೊಂಡದ್ದು. ತಗದುಬಿಡ್ತೀವಿ. ಅಲ್ಲೊಂದು ತೂತು ಉಳೀತದ, ಅಷ್ಟ. ನಿನಗ ಹೊಡದವರು ಯಾರಂತ ಎಂದೂ ಗೊತ್ತಾಗೂದಿಲ್ಲ."

"ತಗೀರಿ."

"ಇನ್ನೊಂದು ಮಾತು. ವರ್ಕ್‌ಶಾಪಿನ ನೆನಪು. ಅದಕ್ಕೂ ಬೇಕಾದ್ರ ತೇಪಿ ಹಾಕಬಹುದು. ಮುಂದಿನ ವರ್ಷ ಕಾಲೇಜಿಗೆ ಹೋಗೂದಾದ್ರ ಹಗುರಾಗ್ತದ ನಿನಗ. ಅಯ್ಯಾರು ಒಪ್ಯಾರ."

ಗುರುಪಾದಯ್ಯನವರು ನೆಲ ನೋಡುತ್ತಿದ್ದರು. ಆ ದಿನದಿಂದ ಅವರು ಪುರಾಣದ ಹಸ್ತಪ್ರತಿ ಬಿಚ್ಚಿರಲಿಲ್ಲ.

ಸರೋಜಾ ಎರಡನೆಯ ಗೆರೆಯನ್ನು ಆಗಲೇ ಹತ್ತಾರು ಸಲ ಕೇಳಿದ್ದಳು. ಯಾವ ಎಣಿಕೆಗೂ ಅದು ಸಿಕ್ಕಿರಲಿಲ್ಲ. ಒಂದು ಏಟು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಉಸಿರಿನ ಗೊಂದಲ, ಸುಮ್ಮನಿದ್ದ ಹೊತ್ತು, ಮತ್ತೆ ಗೊಂದಲ. ನಡೆದುಹೋದದ್ದು ಹೀಗೆಯೇ ಇರುತ್ತದೆ.

"ಅದನ್ನ ಮುಟ್ಟಬ್ಯಾಡ್ರಿ" ಎಂದ ರುದ್ರಮುನಿ.

"ಯಾಕೋ ತಮ್ಮಾ? ಆ ಹುಡುಗ ಆಸ್ಪತ್ರ್ಯಾಗಿಂದ ಮನಿಗೆ ಬಂದಾನಂತ. ನಿನ್ನ ಕ್ಷಮಾ ಮಾಡಿರಬೇಕಲ್ಲ" ಎಂದರು ಡಾಕ್ಟರು.

"ಇಲ್ರೀ, ಮಾಡಿಲ್ಲ. ಮೊನ್ನೆ ಹೋಗಿದ್ದೆ." ಮುಂದಿನ ಮಾತು ದಡಕ್ಕೆ ಬಂದು ನಿಂತಿತು, ಅವನು ಕಾದ, ಅದು ದಾಟಿ ಬಂತು. "ಅಂವಗ ಎರಡೂ ಕೈ ಪ್ಲಾಸ್ಟರ್. ನೀರು ಕುಡಸಬೇಕಂತ ಚೊಂಬು ಎತ್ತಿದೆ. ಅಂವ ಕಣ್ಣು ಮುಚ್ಚಿ ಗ್ವಾಡಿಗೆ ಒತ್ತಿಕೊಂಡ. ಅಂವನ ಅವ್ವ ನನ್ನ ಕೈಯಾಗಿಂದ ಚೊಂಬು ಇಸಕೊಂಡ್ಲು. ಅಂವಗ ನೆನಪಿರತೈತ್ರೀ, ಸಾಯೂಮಟಾ. ನನಗೂ ಇರಲಿ."

ಡಾಕ್ಟರು ಸರೋಜಾಳ ಕಡೆ ನೋಡಿದರು. ಅವಳು ಎರಡನೆಯ ಗೆರೆಯ ಪಕ್ಕದಲ್ಲಿ 'ಮುಟ್ಟಬಾರದು' ಎಂದು ಬರೆದು, ಮೊದಲನೆಯದನ್ನು ಅಳಿಸಲು ಶುರು ಮಾಡಿದಳು.